ವಸಡು ಒತ್ತಿ ನೋಡಿದವಳಿಗೆ

ಮನೆಯಿಂದ, ಭಾನುವಾರ ಮಧ್ಯಾಹ್ನ

ಮುದ್ದು ಗುಬ್ಬಿ,

ಹೇಗಿದ್ದೀಯೆ? ಹೊತ್ತಿಗೆ ಸರಿಯಾಗಿ ತಿನ್ನುತ್ತಿದ್ದೀಯೋ, ಇಲ್ಲ ಆಸ್ಪತ್ರೆಯ ನಾಯಿಗಳಿಗೆಲ್ಲ ಉಣಿಸಿ ನೀನು ಚಹಾದಲ್ಲೇ ದಿನ ತಳ್ಳುತ್ತಿದ್ದೀಯೋ? ಆ ಸಿಡುಕು ಬೆಕ್ಕು ಪರಚಿದ ಗಾಯ ಮಾಗಿತೇ? ನಾನಿಲ್ಲಿ ಗುಂಡುಕಲ್ಲಿನ ಹಾಗಿದ್ದೇನೆ. ಬುಧವಾರ ನಿನ್ನ ಲೈಸೆನ್ಸ್ ಪರೀಕ್ಷೆಯೆಂದು ನಿಮ್ಮಪ್ಪ ಹೇಳಿದ. ಪಾಸಾದರೆ ನೀನು ಪಶುವೈದ್ಯಕೀಯ ತಂತ್ರಜ್ಞೆ, ಯಾರ ಮುಲಾಜೂ ಇಲ್ಲದೆ ಸೂಜಿ ಹಿಡಿಯಬಹುದು. ಈ ಸಲವೂ ತಪ್ಪಿದರೆ ಆಸ್ಪತ್ರೆಯವರು ಇಟ್ಟುಕೊಳ್ಳುವುದಿಲ್ಲವಂತೆ, ಹೌದೇ?

ನೇರವಾಗಿ ಹೇಳಿಬಿಡುತ್ತೇನೆ, ನಿನ್ನ ಮೇಲೆ ನನಗೆ ಅನುಮಾನ. ಹೋದ ತಿಂಗಳು ರಜೆಗೆ ಬಂದವಳು ಓದಲು ಬಂದೆಯೋ, ನನ್ನ ಮೇಲೆ ಪತ್ತೇದಾರಿಕೆ ಮಾಡಲು ಬಂದೆಯೋ? ನಾನು ಟಿವಿ ನೋಡುತ್ತಿದ್ದರೆ ನೀನು ನನ್ನ ಎದೆ ಏರಿಳಿಯುವುದನ್ನೇ ನೋಡುತ್ತಿದ್ದೆ. ಕೈ ಸವರುವ ನೆಪದಲ್ಲಿ ಚರ್ಮ ಚಿವುಟಿ ಎತ್ತಿ ಬಿಟ್ಟೆ. ನಕ್ಕಾಗ ತುಟಿ ಸರಿಸಿ ವಸಡು ಒತ್ತಿ, ಬಣ್ಣ ವಾಪಸು ಬರುವುದನ್ನು ಕಾಯುತ್ತ ನಿಂತೆ. ಏನೇ ಇದು ಅಂದರೆ, 'ಪ್ರಾಕ್ಟೀಸ್ ಅಜ್ಜಿ, ಪರೀಕ್ಷೇಲಿ ಕೇಳ್ತಾರೆ' ಅಂದೆ. ಪರೀಕ್ಷೆಯಲ್ಲಿ ಕೇಳುವುದು ನಾಯಿಯ ವಿಷಯ ಕಣೇ, ನನ್ನದಲ್ಲ! ಮೇಜಿನ ಮೇಲೆ ನಿಲ್ಲಿಸಿ ಕಿವಿ ತಿರುವಿ ನೋಡುವುದೊಂದು ಬಾಕಿಯಿತ್ತು. ಆಮೇಲೆ ಅಡುಗೆಮನೆಯಲ್ಲಿ ನಿಮ್ಮಮ್ಮನ ಜೊತೆ ಗುಸುಗುಸು. ನಾನು ಬಂದೊಡನೆ ಇಬ್ಬರೂ ಮುರಿದ ಬಕೆಟ್ಟಿನ ಮಾತು ತೆಗೆದಿರಿ. ಬಕೆಟ್ಟಿನ ಬಗ್ಗೆ ಪಿಸುಮಾತೇಕೆ? ಅಂದಿನಿಂದ ನಿಮ್ಮಪ್ಪನ ನಡೆಯೂ ಸರಿಯಿಲ್ಲ. 'ಅಮ್ಮಾ, ಸುಮ್ನೆ ಡಾಕ್ಟರ ಹತ್ರ ಹೋಗಿ ಬರೋಣ್ವಾ?' ಎಂದು ದಿನಾ ರಾಗ. ಡಾಕ್ಟರ ಹತ್ತಿರ ಯಾರಾದರೂ ಸುಮ್ಮನೆ ಹೋಗುತ್ತಾರೆಯೇ? ನೀವು ಮೂವರೂ ಸೇರಿ ಏನೋ ಸಂಚು ಹೂಡಿದ್ದೀರಿ. ನನ್ನ ಕಿವಿ ಮಂದವಾಗಿರಬಹುದು, ತಲೆ ನೆಟ್ಟಗಿದೆ.

ಇರಲಿ. ಹುಷಾರಾಗಿ ಓದು, ಕೈ ನಡುಗಿಸಬೇಡ. ನಿನಗೆ ಎಲ್ಲ ಒಳ್ಳೆಯದಾಗಲಿ.

ನಿನ್ನ ಮೇಲೂ ಒಂದು ಕಣ್ಣಿಟ್ಟಿರುವ,
ಅಜ್ಜಿ

ಲಕೋಟೆ ಅಂಟಿಸುವ ಮುಂಚೆ ಇನ್ನೊಂದು ಮಾತು: ನೀನು ಹುಡುಕುತ್ತಿದ್ದದ್ದು ಇದೆ ಗುಬ್ಬಿ. ಹೊಟ್ಟೆಯ ಎಡಗಡೆ ನೋವು, ಊಟ ಇಳಿಯುತ್ತಿಲ್ಲ. ನೀನು ಬಾಯಿಬಿಟ್ಟು ಕೇಳಿದ್ದರೆ ಸುಳ್ಳು ಹೇಳುತ್ತಿದ್ದೆ, ಅದು ಗೊತ್ತಿದ್ದೇ ನೀನು ಕೇಳಲಿಲ್ಲ. ಈಗಲೂ ಹೇಳದಿದ್ದರೆ ನಿನ್ನ ಮನಸ್ಸೆಲ್ಲ ಇಲ್ಲೇ ಇರುತ್ತದೆ, ಪರೀಕ್ಷೆ ಕೈಬಿಟ್ಟುಹೋಗುತ್ತದೆ. ನಾಳೆ ನಿಮ್ಮಪ್ಪನ ಜೊತೆ ಹೋಗುತ್ತೇನೆ. ಹೆದರಿಕೆಯಾಗುತ್ತಿದೆ ಕಣೇ. ಆದರೂ ಅರ್ಧಕ್ಕೆ ಬಿಟ್ಟು ಓಡಿಬಂದರೆ ಬಾಗಿಲು ತೆಗೆಯುವುದಿಲ್ಲ. ಮುಗಿಸಿಕೊಂಡೇ ಬಾ. ಡಾಕ್ಟರು ನನಗೆ ಏನೋ ಒಂದು ಸಮಾಧಾನ ಹೇಳಿ ಕಳಿಸುತ್ತಾರೆ, ನಿಮ್ಮಪ್ಪ ಅದಕ್ಕೆ ತಲೆಯಾಡಿಸುತ್ತಾನೆ. ನೀನು ನೋಡಿ ಹೇಳಿದರೆ ಮಾತ್ರ ನಂಬುತ್ತೇನೆ.