ತುದಿ ಕತ್ತರಿಸಿದ ಗ್ಲೌಸು

ಪ್ರೀತಿಯ ತಂಗಿ,

ನಿನ್ನ ಹಲ್ಲು ತುಂಬದೆ ವಾಪಸು ಕಳಿಸಿದ ಕಾರಣವನ್ನು ಹೇಳದೆಯೇ ಇದ್ದುಬಿಡೋಣ ಅಂದುಕೊಂಡಿದ್ದೆ. "ಊರವರ ಹಲ್ಲೆಲ್ಲ ತುಂಬ್ತೀಯ, ತಂಗಿ ಹಲ್ಲಿಗೆ ಮಾತ್ರ ಪುರುಸೊತ್ತಿಲ್ಲ" ಎಂದು ನೀನು ನನ್ನ ಕ್ಲಿನಿಕ್ಕಿನ ಕುರ್ಚಿಯಿಂದ ಇಳಿದು ಹೋದೆ. ಪುರುಸೊತ್ತಿತ್ತು. ನಾನು ನೋಡುತ್ತಿದ್ದದ್ದು ನಿನ್ನ ಬಾಯಿಯನ್ನಲ್ಲ, ಕುರ್ಚಿಯ ಕೈ ಹಿಡಿದಿದ್ದ ಬೆರಳುಗಳನ್ನು.

ತುದಿಗಳು ಕೆಂಪಾಗಿ ಸೀಳು ಬಿಟ್ಟಿದ್ದವು. "ಸೋಪಿನ ಕಾಟ" ಎಂದು ನೀನಂದೆ. ನನಗೆ ಹಾಗನ್ನಿಸಲಿಲ್ಲ. ಉಗುರು ಅಲಂಕರಿಸುವ ನಿನ್ನ ಅಂಗಡಿಯಲ್ಲಿ ಕೂತು ನೋಡಿದ್ದೇನಲ್ಲ: ಹೆಬ್ಬೆರಳು, ತೋರುಬೆರಳಿನ ಕಡೆ ಗ್ಲೌಸಿನ ತುದಿ ಕತ್ತರಿಸಿ ಹಾಕಿಕೊಳ್ಳುತ್ತೀಯ. ಕೃತಕ ಉಗುರಿನ ಅಂಚು ದಾಟಿ ಹರಿದ ಜೆಲ್ಲನ್ನು, ಅದನ್ನು ಗಟ್ಟಿ ಮಾಡುವ ನೀಲಿ ದೀಪದ ಕೆಳಗಿಡುವ ಮುಂಚೆ, ಬರಿಬೆರಳಲ್ಲೇ ಒರೆಸುತ್ತೀಯ. "ಕಣ್ಣಿಗೆ ಕಾಣ್ದೇ ಇರೋದು ಬೆರಳಿಗೆ ಗೊತ್ತಾಗತ್ತೆ ಅಕ್ಕಾ."

ಆ ಜೆಲ್ಲಿನಲ್ಲಿರುವುದು ಮೆಥಾಕ್ರಿಲೇಟ್ ಎಂಬ ರಾಸಾಯನಿಕ. ದೀಪದ ಬೆಳಕಿಗೆ ಪೂರ್ತಿ ಗಟ್ಟಿಯಾದ ಮೇಲೆ ಅದು ಹೆಚ್ಚುಕಮ್ಮಿ ಸಾಧು. ಹಸಿಯಾಗಿದ್ದಾಗ ಚರ್ಮಕ್ಕೆ ತಾಗುತ್ತಲೇ ಇದ್ದರೆ, ಒಂದು ದಿನ ಮೈ ಅದನ್ನು ಶತ್ರುವೆಂದು ಗುರುತಿಟ್ಟುಕೊಳ್ಳಬಹುದು. ಆಮೇಲೆ ಮರೆಯುವುದು ಕಷ್ಟ. ಹಲ್ಲು ತುಂಬಲು ನಾನು ಬಳಸುವುದೂ ಅದೇ ಮನೆತನದ್ದು, ನನ್ನ ಕೈಯಲ್ಲಿರುವುದೂ ಅಂಥದೇ ನೀಲಿ ದೀಪ. "ನಿಂದು ಹಲ್ಲಿನ ಪಾರ್ಲರು, ನಂದು ಉಗುರಿನ ಆಸ್ಪತ್ರೆ" ಎಂದು ನೀನು ನಗಿಸುತ್ತಿದ್ದೆಯಲ್ಲ, ಅದು ಬರೀ ತಮಾಷೆಯಲ್ಲ. ಪರೀಕ್ಷೆ ಮಾಡಿಸದೆ ಅದನ್ನು ನಿನ್ನ ಬಾಯಲ್ಲಿಡಲು ನನಗೆ ಧೈರ್ಯ ಬರಲಿಲ್ಲ.

ನನ್ನ ಸಂಶಯ ತಪ್ಪೂ ಇರಬಹುದು. ಚರ್ಮದ ಡಾಕ್ಟರು ಬೆನ್ನಿಗೆ ಪಟ್ಟಿ ಅಂಟಿಸಿ ನೋಡುತ್ತಾರೆ, ಕೆಲವು ದಿನಗಳಲ್ಲಿ ತಿಳಿಯುತ್ತದೆ. ನಿಜವಾದರೆ ತೆಳು ಗ್ಲೌಸು ಪೂರ್ತಿ ಹಾಕಿಕೊಂಡರೂ ಸಾಲದು, ಅದು ಗ್ಲೌಸನ್ನೂ ದಾಟಿ ಬರುತ್ತದೆ. ಈ ಕೆಲಸವನ್ನೇ ಬಿಡಬೇಕಾದೀತು. ಅದನ್ನು ಮೆತ್ತಗೆ ಹೇಳುವ ವಾಕ್ಯ ಹುಡುಕಿದೆ, ಸಿಗಲಿಲ್ಲ. ಫೋನಿನಲ್ಲಾದರೆ ನೀನು ನನಗೆ ಮಾತು ಮುಗಿಸಲು ಬಿಡುವುದಿಲ್ಲ. ನಿನಗೆ ಕೈತುಂಬ ಕೆಲಸ ಸಿಕ್ಕಿರುವುದು ಈಗಷ್ಟೇ. ಅಡ್ಡಗಾಲು ಹಾಕುವ ಅಕ್ಕ ಎನ್ನಿಸಿಕೊಳ್ಳಲು ಹೆದರಿದೆನೇ? ಇರಬೇಕು.

ಜೂನ್ ಹತ್ತಕ್ಕೆ ಎರಡನೇ ಅಂಗಡಿಯ ಕರಾರಿಗೆ ಸಹಿ ಹಾಕುತ್ತೇನೆ ಅಂದಿದ್ದೀಯ. ಅದು ಮುಗಿದ ಮೇಲೆ ಬರೆದಿದ್ದರೆ ನಾನು ನಿನ್ನ ಕಣ್ಣಿಗೆ ಒಳ್ಳೆಯವಳಾಗಿಯೇ ಉಳಿಯುತ್ತಿದ್ದೆ, ನೀನು ಮಾತ್ರ ಸಿಕ್ಕಿಹಾಕಿಕೊಳ್ಳುತ್ತಿದ್ದೆ.

ನಿನ್ನ ಹಲ್ಲಿಗೆ ಆ ರಾಸಾಯನಿಕವಿಲ್ಲದ ಬೇರೆ ಸಿಮೆಂಟು ತರಿಸಿಟ್ಟಿದ್ದೇನೆ. ಚೆಲುವು ಕಮ್ಮಿ, ಸದ್ಯಕ್ಕೆ ಸಾಕು. ಬೈಯುವುದಿದ್ದರೆ ಆ ಕುರ್ಚಿಯಲ್ಲೇ ಕೂತು ಬೈ. ಬಾಯಿ ಹೇಗೂ ತೆರೆಯಲೇಬೇಕಲ್ಲ.

ನಿನ್ನ ಬೆರಳು ಬೇಗ ವಾಸಿಯಾಗಲಿ.

ನಿನ್ನ ಅಕ್ಕ

ಅಂಚೆಗೆ ಹಾಕುವುದು: ಜೂನ್ ಆರು, ಬೆಳಗ್ಗೆ.