ಮುಸಾಫಿರಖಾನೆಯ ಮುಂಗೋಡೆ

ಆಲ್ದೂರು, ೧೪ ಜುಲೈ ೧೯೩೭, ಬುಧವಾರ

ಗುರುವಯ್ಯನ ಮೇಲೆ ಸಿಟ್ಟಾಗಬೇಕೋ, ಅವನಿಗೆ ಕೈ ಮುಗಿಯಬೇಕೋ ತಿಳಿಯುತ್ತಿಲ್ಲ.

ದಾರಿಹೋಕರು ತಂಗಲೆಂದು ಅಜ್ಜ ಕಟ್ಟಿಸಿದ ಮುಸಾಫಿರಖಾನೆ ರಸ್ತೆಗೆ ತೀರಾ ಹತ್ತಿರವಿದೆ, ಕೆಡವಿ ಎಂದು ನೋಟೀಸು ಬಂದು ಎರಡು ವರ್ಷವಾಯಿತು. ಹಳೆಯ ಕಟ್ಟಡಕ್ಕೆ ಹೊಸ ನಿಯಮ ತಾಗುವುದಿಲ್ಲ ಎಂಬುದೇ ನಮ್ಮ ವಾದ. ಇವತ್ತು ಚಿಕ್ಕಮಗಳೂರಿನ ಕೋರ್ಟಿನಲ್ಲಿ ನಮ್ಮದೇ ಸಾಕ್ಷಿ, ಗಾರೆ ಕೆಲಸದ ಗುರುವಯ್ಯ, "ಮುಂದಿನ ಗೋಡೆ ಹಳೇದಲ್ಲ ಸ್ವಾಮಿ. ಆರು ವರ್ಷದ ಹಿಂದೆ ನಾನೇ ಕೆಡವಿ ಕಟ್ಟಿದ್ದು" ಎಂದುಬಿಟ್ಟ. ಆಗ ನಾನು ಊರಲ್ಲಿರಲಿಲ್ಲ; ಬರೀ ಗಾರೆ ಬಳಿದೆ ಎನ್ನುತ್ತಾನೆಂದು ನಂಬಿದ್ದೆ.

ಹೊರಗೆ ಬಂದವನೇ ಬೈದೆ. ಅವನು ತಲೆ ತಗ್ಗಿಸಿ ನಿಂತ. "ತಯ್ಯಬ್ ಸಾಹೇಬ್ರೇ, ಉರುಸಿನೊಳಗೆ ಮುಗೀಬೇಕು ಅಂತ ನಿಮ್ಮ ತಂದೆಯವ್ರು ಅವಸರ ಮಾಡಿದ್ರು. ಪಾಯ ಸರಿಯಾಗಿ ತೋಡ್ಲಿಲ್ಲ. ಪ್ರತಿ ಮಳೆಗಾಲ ಹೋಗಿ ನೋಡ್ಕಂಡು ಬರ್ತೀನಿ. ಜನ ಮಲಗೋ ಜಾಗ ಅದು."

ವಕೀಲರದು ಬೇರೆಯೇ ಮಾತು. "ಮುದುಕನಿಗೆ ಅರುಳುಮರುಳು ಅಂತ ಬರೆದು ಕೊಡಿ, ಕೇಸು ಉಳಿಸೋಣ." ಆ ಕಾಗದ ಮುಂದೆಯೇ ಇದೆ. ಸಹಿ ಹಾಕಿದರೆ ಅಜ್ಜನ ಕಟ್ಟಡ ಉಳಿಯಬಹುದು. ಗುರುವಯ್ಯನ ಮರ್ಯಾದೆ? ಅಥವಾ ಅವನಿಗೆ ನಿಜಕ್ಕೂ ಮರೆವೇ? ಸಂಜೆ ಗೋಡೆಗೆ ಕೈ ಒತ್ತಿ ನೋಡಿದೆ, ಗಟ್ಟಿಯಾಗಿಯೇ ಇದೆ. ಒಳಗಿನ ಪಾಯ ಯಾರು ಕಂಡರು?

ಮಳೆ ಜೋರಾಗುತ್ತಿದೆ. ಗಿರಿಯ ದರ್ಗಾಕ್ಕೆ ಹೊರಟ ಏಳು ಜನ ಅಲ್ಲಿ ಮಲಗಿದ್ದಾರೆ. ಸಹಿಯ ವಿಷಯ ಬಗೆಹರಿಯುವಂತಿಲ್ಲ. ಅವರನ್ನಂತೂ ಈಗಲೇ ಎಬ್ಬಿಸಿ ನಮ್ಮ ಜಗಲಿಗೆ ಕರೆತರುತ್ತೇನೆ. ಯಾಕೆಂದು ಕೇಳಿದರೆ ತಿಗಣೆ ಕಾಟ ಎನ್ನಬೇಕು, ಇಲ್ಲವೇ ನಿಜವನ್ನೇ ಹೇಳಿಬಿಡಬೇಕು.