ಬಿಟ್ಟು ಓದಿದ ಪುಟ

ಮಾರ್ಚ್ ೧೪, ಭಾನುವಾರ

ಪ್ರೀತಿಯ ಅಕ್ಕ,

ನೀನೂ ಭಾವನೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಉತ್ತರ ತಡವಾಯಿತು, ಮುನಿಸಿಕೊಳ್ಳಬೇಡ. ಅಪ್ಪನ ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚುವವರೆಗೂ ಗಡಿಯಾರ ರಿಪೇರಿ ಅಂಗಡಿಗೆ ಬೀಗ. ಸುಮ್ಮನೆ ಕೂತು ಅಭ್ಯಾಸವಿಲ್ಲದ ಮನುಷ್ಯ. ಗೋಡೆ ಗಡಿಯಾರದ ಸದ್ದು ಕೇಳಿಯೇ "ಇದು ಹಿಂದೆ ಬೀಳ್ತಿದೆ" ಎಂದು ಗೊಣಗುತ್ತಾರೆ. ಅದಕ್ಕೇ ಲೈಬ್ರರಿಯಿಂದ ಪುಸ್ತಕ ತಂದು ಗಟ್ಟಿಯಾಗಿ ಓದಿ ಹೇಳುತ್ತಿದ್ದೇನೆ. ಬಾಯಿ ಸತ್ತವಳು ಎಂದು ನೀನು ರೇಗಿಸುತ್ತಿದ್ದ ನಾನು. ಅವರ ಮುಂದೆ ನಿನ್ನ ಸುದ್ದಿ ಎತ್ತಲು ಮಾತ್ರ ಬಾಯಿ ಬಂದಿರಲಿಲ್ಲ.

ಮೊದಲು ಓದಿದ್ದು ಭೂಮಿಯ ಬಗ್ಗೆ. ಚಂದ್ರನ ಸೆಳೆತಕ್ಕೆ ಭೂಮಿ ತಿರುಗುವುದು ಕೂದಲೆಳೆಯಷ್ಟು ನಿಧಾನವಾಗುತ್ತಲೇ ಇದೆಯಂತೆ. ಬಹಳ ಹಿಂದೆ ದಿನವೇ ಚಿಕ್ಕದಿತ್ತಂತೆ. ಓದುತ್ತಿದ್ದಂತೆ ನನ್ನ ಮೈ ಜುಮ್ಮೆಂದಿತು. ಅಪ್ಪ, "ಬಿಚ್ಚಿ ಎಣ್ಣೆ ಬಿಡೋರು ಯಾರೂ ಇಲ್ವಾ?" ಎಂದರು.

ಆಮೇಲೆ ತಿಮಿಂಗಿಲಗಳ ಪುಸ್ತಕ. ಒಂದು ಕೂಗಿದರೆ ನೂರಾರು ಮೈಲಿ ಆಚೆ ಇನ್ನೊಂದಕ್ಕೆ ಕೇಳಿಸಬಹುದಂತೆ.

"ಅದು ತಿರುಗಿ ಕೂಗದಿದ್ರೆ?"

"ಇದು ಕೂಗ್ತಾನೇ ಇರುತ್ತೇನೋ ಅಪ್ಪ."

ಮರುದಿನ ಅಪ್ಪ, "ಒಂದು ಲವ್ ಸ್ಟೋರಿ ತಗೊಂಡು ಬಾ" ಎಂದರು. ನಾನು ಬೆಪ್ಪಾದೆ.

ಸಾಹಿತ್ಯ ಓದಿದವಳೆಂಬ ಜಂಬಕ್ಕೆ ಪ್ರೇಮಕಾದಂಬರಿ ಎಂದರೆ ನಾನೂ ಮೂಗು ಮುರಿಯುತ್ತಿದ್ದೆ. ನಾನು ತಂದದ್ದು ಲಿಫ್ಟ್ ರಿಪೇರಿಯವನನ್ನು ಮೆಚ್ಚಿದ ಹಲ್ಲಿನ ಡಾಕ್ಟರಮ್ಮನ ಕಥೆ. ಅವನು ಅವಳಿಗಾಗಿ ದೊಡ್ಡದೇನೂ ಮಾಡುವುದಿಲ್ಲ. ಅವಳು ಮಾತಾಡುವಾಗ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಡುತ್ತಾನೆ, ಅಷ್ಟೇ. ಅಕ್ಕ, ಭೂಮಿ ನಿಧಾನವಾಗುವುದಕ್ಕಿಂತ ಇದೇನು ಸಣ್ಣ ಬೆರಗಲ್ಲ ಅನ್ನಿಸಿತು. ಆದರೆ ಮುತ್ತು ಕೊಡುವ ಪುಟಗಳನ್ನು ಅಪ್ಪನೆದುರು ಹೇಗೆ ಓದಲಿ? ಹಾರಿಸಿದೆ.

"ಈಗ ತಾನೇ ಜಗಳ ಆಡ್ತಿದ್ರಲ್ಲ, ಅಷ್ಟರಲ್ಲಿ ಅವನ ಶರ್ಟಿನ ಗುಂಡಿ ಯಾಕೆ ಹುಡುಕ್ತಿದಾಳೆ?"

"ಒಂದು ಪುಟ ಹರಿದಿದೆ ಅಪ್ಪ."

"ಹರಿಯೋರಿಗೆ ಆ ಪುಟವೇ ಸಿಕ್ತಾ?"

ಪಟ್ಟಿಯ ಕೆಳಗೆ ಅವರ ತುಟಿ ನಗುತ್ತಿತ್ತು.

ಭಾವನಿಗೆ ನಮಸ್ಕಾರ ತಿಳಿಸು. ಇಬ್ಬರೂ ನೂರು ಕಾಲ ತಣ್ಣಗಿರಿ. ಚಿಕ್ಕವಳು ಹರಸಬಾರದು ಅಂತೇನೂ ಇಲ್ಲವಲ್ಲ.

ನಿನ್ನ,
ಬಾಯಿ ಬಂದ ತಂಗಿ

ತಾ.ಕ.: ಇನ್ನೊಂದು ಪುಟವನ್ನೂ ಹಾರಿಸಿದ್ದೆ. ಮದುವೆಯಾಗಲು ಅವಳು ಮನೆಯಿಂದ ಹೊರಟಾಗ ಅವಳಪ್ಪ "ಈ ಹೊಸಲು ಮತ್ತೆ ತುಳೀಬೇಡ" ಎಂದು ಬಾಗಿಲು ಹಾಕಿಕೊಳ್ಳುವ ಪುಟ. ನಿನಗೆ ನಮ್ಮ ಅಪ್ಪ ಹೇಳಿದ್ದ ಮಾತನ್ನು ಅವರಿಗೇ ಹೇಗೆ ಓದಿ ಹೇಳಲಿ? ಕಥೆ ಮುಗಿದ ಮೇಲೆ ಅವರೇ ಕೇಳಿದರು: "ಹುಡುಗಿಯ ಅಪ್ಪ ಎಲ್ಲಿ ಹೋದ? ಬರೆದವರು ಮರೆತ್ರಾ?" ಹಿಂದಕ್ಕೆ ತಿರುವಿ ಓದಿದೆ.

"ಆಮೇಲೆ ಬಾಗಿಲು ತೆಗೀತಾನಾ?"

"ಅದನ್ನ ಬರೆದಿಲ್ಲ ಅಪ್ಪ."

ಅಪ್ಪ ಪಟ್ಟಿಯನ್ನು ಮುಟ್ಟಿ ನೋಡಿಕೊಂಡರು. "ಇಪ್ಪತ್ತೈದನೇ ತಾರೀಕು ಇದನ್ನ ಬಿಚ್ತಾರೆ. ಅವಳಿಗೆ ಕಾಗದ ಬರಿ."

"ಏನಂತ ಬರೀಲಿ?"

"ಇಪ್ಪತ್ತೈದನೇ ತಾರೀಕು ಅಂತ ಬರಿ. ಸಾಕು."